ನೆಗಡಿನಾ ಫ್ಲೂನಾ ಅಂತ ಮನೇಲೇ ಗೊತ್ತಾಗೋದು ಹೇಗೆ, ಆಂಟಿಬಯಾಟಿಕ್ ತಗೋಬಹುದಾ?

ನಿಮ್ಮ ಯಜಮಾನರಿಗೆ ನಿನ್ನೆ ಸಂಜೆಯಿಂದ 102 ಜ್ವರ, ಮೈಕೈ ನೋವು, ಒಣ ಕೆಮ್ಮು, ಮಗೂಗೆ ನಾಲ್ಕು ದಿನದಿಂದ ಬರೀ ಮೂಗು ಸೋರ್ತಿದೆ, ಮನೇಲಿ ಶುಗರ್ ಇರೋ ಅತ್ತೆ ಬೇರೆ ಇದ್ದಾರೆ, ಎಲ್ರಿಗೂ ಒಂದೇ ಆಂಟಿಬಯಾಟಿಕ್ ಸಾಕಾ ಅಂತ ಕೇಳಿದ್ದೀರ. ನಾನು ದಾವಣಗೆರೆ ಕಡೆ ಮೆಡಿಕಲ್ ಶಾಪಲ್ಲಿ ಫಾರ್ಮಸಿಸ್ಟ್, ಮಳೆಗಾಲ ಬಂತು ಅಂದ್ರೆ ಕೌಂಟರಲ್ಲಿ ದಿನಾ ಇದೇ ಪ್ರಶ್ನೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ನೆಗಡಿ ಮೆಲ್ಲಗೆ ಬರುತ್ತೆ. ಗಂಟಲು ಕೆರೆತ, ಆಮೇಲೆ ಸೀನು, ಆಮೇಲೆ ಮೂಗು ಸೋರಿ ಕಟ್ಟೋದು, ದೊಡ್ಡೋರಿಗೆ ಜ್ವರ ಬರೋದೇ ಕಮ್ಮಿ, ಬಂದ್ರೂ ಮೈ ಬೆಚ್ಚಗಾಗುತ್ತೆ ಅಷ್ಟೆ. ಫ್ಲೂ ಹಾಗಲ್ಲ, ಬೆಳಗ್ಗೆ ಚೆನ್ನಾಗಿದ್ದೋರು ಸಂಜೆಗೆ ಚಳಿ ಅಂತ ಎರಡೆರಡು ಹೊದಿಕೆ ಹೊದ್ದು ಮಲಗಿರ್ತಾರೆ, 101ರಿಂದ 103 ಜ್ವರ, ತಲೆನೋವು, ಸೊಂಟ ಕಾಲು ಎಲ್ಲಾ ಸೆಳೆತ, ಎದ್ದು ಬಚ್ಚಲಿಗೆ ಹೋಗೋಕೂ ಆಗಲ್ಲ. ನಾನು ಕೇಳೋದು ಒಂದೇ, ಯಾವಾಗ ಶುರುವಾಯ್ತು ಅಂತ. ಫ್ಲೂ ಇರೋರು ಎಷ್ಟು ಗಂಟೆಗೆ ಅಂತ ಹೇಳ್ತಾರೆ, ನೆಗಡಿಯವರು ಮೊನ್ನೆನೋ ಆಚೆ ಮೊನ್ನೆನೋ ಅಂತಾರೆ. ಆದ್ರೂ ಟೆಸ್ಟ್ ಮಾಡಿಸದೆ ಖಾತ್ರಿ ಹೇಳೋಕಾಗಲ್ಲ, ಕೋವಿಡ್ ಕೂಡ ಹೀಗೇ ಇರುತ್ತೆ.

ಇನ್ನೊಂದು, ನಮ್ಮ ಕಡೆ ಮಳೆಗಾಲದಲ್ಲಿ ಜ್ವರ ಮೈಕೈ ನೋವು ಇದ್ದು ನೆಗಡಿ ಕೆಮ್ಮು ಏನೂ ಇಲ್ಲ ಅಂದ್ರೆ ಮೊದಲು ಡೆಂಗ್ಯೂ ಅನುಮಾನ ಪಡಿ, ರಕ್ತ ಪರೀಕ್ಷೆ ಮಾಡಿಸಿ. ಅದು ಅಲ್ಲ ಅಂತ ಗೊತ್ತಾಗೋವರೆಗೂ ಐಬುಪ್ರೊಫೆನ್, ಡೈಕ್ಲೊಫಿನಾಕ್, ಆಸ್ಪಿರಿನ್ ಥರದ ನೋವಿನ ಮಾತ್ರೆ ನೀವಾಗೇ ತಗೋಬೇಡಿ, ಡೆಂಗ್ಯೂ ಆಗಿದ್ರೆ ರಕ್ತಸ್ರಾವ ಜಾಸ್ತಿ ಆಗೋ ಭಯ ಇದೆ.

ಆಂಟಿಬಯಾಟಿಕ್ ಬೇಡ. ನೆಗಡಿ, ಫ್ಲೂ ಎರಡೂ ವೈರಸ್, ಅಜಿತ್ರೋಮೈಸಿನ್ ಥರದ ಆಂಟಿಬಯಾಟಿಕ್ ಕೆಲಸ ಮಾಡೋದು ಬ್ಯಾಕ್ಟೀರಿಯಾಗೆ. 2023ರ ಮಾರ್ಚಲ್ಲಿ ಎಚ್3ಎನ್2 ಅನ್ನೋ ಫ್ಲೂ ಜೋರಾಗಿದ್ದಾಗ ಭಾರತೀಯ ವೈದ್ಯಕೀಯ ಸಂಘನೇ ಸುಮ್ಸುಮ್ನೆ ಆಂಟಿಬಯಾಟಿಕ್ ಬರೀಬೇಡಿ ಅಂತ ಡಾಕ್ಟರುಗಳಿಗೆ ಹೇಳ್ತು, ಜ್ವರ ಮೂರು ದಿನದಲ್ಲಿ ಹೋಗುತ್ತೆ, ಕೆಮ್ಮು ಮೂರು ವಾರದವರೆಗೂ ಇರಬಹುದು ಅಂತಾನೂ ಹೇಳಿತ್ತು. ಜನ ಮೂರನೇ ದಿನ ಅಜಿತ್ರೋ ತಗೋತಾರೆ, ನಾಲ್ಕನೇ ದಿನ ಜ್ವರ ತಾನಾಗೇ ಇಳಿಯುತ್ತೆ, ಹೆಸರು ಮಾತ್ರ ಮಾತ್ರೆಗೆ. ಇದು ನಂಗೆ ನಿಜವಾಗ್ಲೂ ಬೇಜಾರಿನ ವಿಷ್ಯ, ಯಾಕಂದ್ರೆ ಸುಮ್ಸುಮ್ನೆ ತಗೊಂಡ್ರೆ ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಹೋಗುತ್ತೆ, ನಾಳೆ ನ್ಯುಮೋನಿಯಾ ಆಗಿ ನಿಜವಾಗ್ಲೂ ಬೇಕಾದಾಗ ಆ ಔಷಧಿ ನಾಟದೇ ಹೋಗಬಹುದು.

ಫ್ಲೂಗೆ ಬೇರೆ ಔಷಧಿ ಇದೆ, ಒಸೆಲ್ಟಾಮಿವಿರ್ ಅಂತ. ಎಚ್1ಎನ್1 (ಹಂದಿ ಜ್ವರ) ಕಾಲದಲ್ಲಿ ಎಲ್ಲಾ ಅಂಗಡೀಲೂ ಸಿಗ್ತಿರಲಿಲ್ಲ, 2017ರಲ್ಲಿ ನಿಯಮ ಸಡಿಲ ಆದ್ಮೇಲೆ ಡಾಕ್ಟರ ಚೀಟಿ ಇದ್ರೆ ಮಾಮೂಲಿ ಮೆಡಿಕಲಲ್ಲೂ ಕೊಡ್ತಾರೆ. ಜ್ವರ ಶುರುವಾದ 48 ಗಂಟೆ ಒಳಗೆ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ಗಟ್ಟಿಮುಟ್ಟಾಗಿರೋರಿಗೆ ಸಾಮಾನ್ಯವಾಗಿ ಬೇಕಾಗಲ್ಲ, ಆದ್ರೆ 65 ದಾಟಿದೋರು, ಶುಗರ್, ಅಸ್ತಮಾ, ಹೃದಯ ಕಿಡ್ನಿ ತೊಂದರೆ ಇರೋರು, ಗರ್ಭಿಣಿಯರು, ಪುಟ್ಟ ಮಕ್ಕಳು ಇವರಿಗೆ ಜ್ವರ ಬಂದ್ರೆ ಎರಡು ದಿನ ನೋಡೋಣ ಅಂತ ಕೂರಬಾರದು. ನಿಮ್ಮ ಅತ್ತೆಯವರಿಗೆ ಇನ್ನೂ ಜ್ವರ ಬಂದಿಲ್ಲದಿದ್ರೂ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಮನೇಲಿ ಹೀಗಾಗಿದೆ ಅಂತ ಹೇಳಿಡಿ.

ಯಜಮಾನರಿಗೆ ಪ್ಯಾರಾಸಿಟಮಾಲ್ ಸಾಕು, ಒಂದು ಮಾತ್ರೆಗೂ ಇನ್ನೊಂದಕ್ಕೂ ಆರು ಗಂಟೆ ಬಿಡಿ. ಇಲ್ಲೊಂದು ಮುಖ್ಯವಾದ್ದು, ನೆಗಡಿ ಮಾತ್ರೆ ಅಂತ ಸಿಗೋ ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಸೇರೇ ಇರುತ್ತೆ, ಅದನ್ನೂ ಡೋಲೋ 650ನೂ (ಅದೂ ಪ್ಯಾರಾಸಿಟಮಾಲೇ) ಒಟ್ಟಿಗೆ ನುಂಗಿದ್ರೆ ಡೋಸ್ ಎರಡರಷ್ಟಾಗಿ ಲಿವರ್‌ಗೆ ಹೊಡೆತ, ಸ್ಟ್ರಿಪ್ ಹಿಂದೆ ಓದಿ. ಮಗೂಗೆ ನೆಗಡಿ ಸಿರಪ್ ನೀವಾಗೇ ಹಾಕಬೇಡಿ, ಕ್ಲೋರ್‌ಫೆನಿರಮಿನ್ ಫಿನೈಲ್‌ಎಫ್ರಿನ್ ಸೇರಿರೋದನ್ನ ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಅಂತ ಕೇಂದ್ರದ ಔಷಧ ನಿಯಂತ್ರಕರೇ 2023ರಲ್ಲಿ ಹೇಳಿದ್ದಾರೆ. ಮೂಗಿಗೆ ಸಲೈನ್ ಡ್ರಾಪ್ಸ್, ವರ್ಷ ತುಂಬಿದ್ರೆ ಒಂಚೂರು ಜೇನುತುಪ್ಪ. ಶುಂಠಿ ಮೆಣಸಿನ ಕಷಾಯ, ಮೆಣಸಿನ ಸಾರು, ಗಂಜಿ ಎಲ್ಲಾ ಒಳ್ಳೇದೇ, ವೈರಸ್ ಸಾಯಲ್ಲ ಆದ್ರೆ ಗಂಟಲಿಗೆ ಹಿತ, ಮೈಗೆ ನೀರು ಹೋಗುತ್ತೆ. ಬಿಸಿನೀರಿನ ಪಾತ್ರೆ ಮುಂದೆ ಮಗೂನ ಕೂರಿಸಬೇಡಿ, ಸುಟ್ಕೊಳ್ಳುತ್ತೆ.

ಉಸಿರಾಟ ಕಷ್ಟ, ಎದೆ ನೋವು, ಮಂಪರು, ಮಗು ಹಾಲು ನೀರು ಬಿಡೋದು, ಇಳಿದ ಜ್ವರ ಮತ್ತೆ ಏರೋದು, ಇವು ಕಂಡ್ರೆ ಆಸ್ಪತ್ರೆಗೆ.

ಯಜಮಾನರನ್ನ ಬೇರೆ ರೂಮಲ್ಲಿ ಮಲಗಿಸಿ ಕಿಟಕಿ ತೆಗೆದಿಡಿ, ಊಟ ಕೊಡೋಕೆ ಹೋಗುವಾಗ ಇಬ್ರೂ ಮಾಸ್ಕ್ ಹಾಕಿ, ಬಂದು ಸೋಪಲ್ಲಿ ಕೈ ತೊಳೀರಿ. ಲಕ್ಷಣ ಕಾಣೋ ಒಂದು ದಿನ ಮುಂಚೆಯಿಂದ ಐದಾರು ದಿನ ಹರಡುತ್ತೆ. ಫ್ಲೂ ಲಸಿಕೆ ಪ್ರತಿ ವರ್ಷ ಹಾಕಿಸ್ಕೋಬೇಕು, ವೈರಸ್ ಬದಲಾಗ್ತಾ ಇರುತ್ತೆ, ಹಾಕಿಸಿದ್ಮೇಲೆ ಎರಡು ವಾರ ಬೇಕು ಕೆಲಸ ಮಾಡೋಕೆ, ಹಾಗಾಗಿ ಅತ್ತೆಯವರಿಗೆ ಮುಂದಿನ ವರ್ಷ ಮಳೆಗೆ ಮುಂಚೆನೇ ಹಾಕಿಸಿ, ಈ ವರ್ಷದ್ದು ಈಗಲೂ ಹಾಕಬಹುದಾ ಅಂತ ಫೋನಲ್ಲೇ ಕೇಳ್ಬಿಡಿ. ಮತ್ತೆ ಅವರಿಗೆ ಕೆಮ್ಮಿನ ಸಿರಪ್ ಏನಾದ್ರೂ ಬರೆದ್ರೆ ಶುಗರ್ ಫ್ರೀ ಕೊಡಿ ಅಂತ ಅಂಗಡೀಲಿ ಬಾಯಿಬಿಟ್ಟು ಹೇಳಿ.