"ಮೆಟ್ಟಿಲು ಹತ್ತಿದ್ದಕ್ಕೇ ಹೋಯಿತಾ, ಮೇಡಂ?"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 34 ವರ್ಷ. ಮೊದಲ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಫಲಿಸಿರಲಿಲ್ಲ. ಎರಡನೆಯದಕ್ಕೆ ಇನ್ನೆರಡು ತಿಂಗಳು ಇರುವಾಗ ಗಂಡನ ಜೊತೆ ನನ್ನ ಬಳಿ ಸಲಹೆಗೆ ಬಂದರು.

"ಭ್ರೂಣ ಹಾಕಿದ ಮೂರನೇ ದಿನ ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿದೆ. ಅದಕ್ಕೇ ಹೋಯಿತಾ, ಮೇಡಂ?"

ಮಿಕ್ಕಿದ್ದನ್ನು ಗಂಡ ಹೇಳಿದರು. ಮೊದಲು ವಾರಕ್ಕೆ ಐದಾರು ಗಂಟೆ ಓಡುತ್ತಿದ್ದವರು ಈಗ ಬಕೆಟ್ ಕೂಡ ಎತ್ತುವುದಿಲ್ಲ. "ಈ ಸಲವಾದರೂ ಅಲ್ಲಾಡದೆ ಮಲಗಮ್ಮ" ಎಂದು ಅತ್ತೆ ದಿನಾ ಹೇಳುತ್ತಾರೆ. ರಾತ್ರಿ ನಿದ್ದೆಯಿಲ್ಲ.

ಗರ್ಭಕೋಶ ಬಾಯಿ ತೆರೆದ ಪಾತ್ರೆಯಲ್ಲ ಎಂದೆ. ಅದರ ಎರಡು ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ನಡುವೆ ಕೂತ ಭ್ರೂಣ ನಡೆದರೆ ಜಾರಿ ಬೀಳುವುದಿಲ್ಲ. ಮಲಗಿಸಿ ನೋಡಿದ ಅಧ್ಯಯನಗಳೂ ಆಗಿವೆ, ಮಲಗಿದ್ದರಿಂದ ಗರ್ಭ ನಿಲ್ಲುವುದು ಹೆಚ್ಚಲಿಲ್ಲ. ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘ 2017ರಲ್ಲೇ ಹಾಸಿಗೆ ವಿಶ್ರಾಂತಿ ಬೇಡವೆಂದಿದೆ. ಭ್ರೂಣ ನಿಲ್ಲದಿರಲು ಅದರದೇ ಕ್ರೋಮೋಸೋಮು (ವಂಶವಾಹಿಗಳ ಎಳೆ) ದೋಷ ಬಹು ಸಾಮಾನ್ಯ ಕಾರಣ.

ಅವರ ಮುಖ ಸಡಿಲಾಗಲಿಲ್ಲ. "ಹಾಗಾದರೆ ಓಡಿದ್ದೇ ತಪ್ಪು" ಎಂದರು. 2006ರ ಅಧ್ಯಯನವೊಂದನ್ನು ಓದಿಕೊಂಡೇ ಬಂದಿದ್ದರು: ಐವಿಎಫ್ ಮಾಡಿಸಿಕೊಂಡ 2,200ಕ್ಕೂ ಹೆಚ್ಚು ಹೆಂಗಸರಲ್ಲಿ, 1ರಿಂದ 9 ವರ್ಷ ಕಾಲ ವಾರಕ್ಕೆ 4 ಗಂಟೆ ಅಥವಾ ಹೆಚ್ಚು ವ್ಯಾಯಾಮ ಮಾಡಿದವರಿಗೆ ಮಗು ಹುಟ್ಟುವ ಸಾಧ್ಯತೆ ಶೇ. 40 ಕಡಿಮೆ ಕಂಡಿತ್ತು. ಸುಳ್ಳೆನ್ನಲಾರೆ. ಆದರೆ ಅದು ಕೇಳಿ ಬರೆದುಕೊಂಡ ಮಾಹಿತಿ, ಕಾರಣವನ್ನು ಸಾಬೀತು ಮಾಡದು. ಚಟುವಟಿಕೆಯಿಂದಿದ್ದವರಿಗೆ ಒಳ್ಳೆಯದೇ ಆಗಿದೆ ಎನ್ನುವ ಅಧ್ಯಯನಗಳೂ ಇವೆ. ಓಡಿದ್ದೂ ತಪ್ಪು, ಹತ್ತಿದ್ದೂ ತಪ್ಪು ಎಂದರೆ ಅವರಿಗೆ ಉಳಿಯುವುದು ಹಾಸಿಗೆಯೊಂದೇ. ಇದು ವಿಶ್ರಾಂತಿಯಲ್ಲ, ತಮಗೆ ತಾವೇ ವಿಧಿಸಿಕೊಂಡ ಶಿಕ್ಷೆ ಎಂದು ನನಗನ್ನಿಸಿದ್ದು ಆಗ.

ಒಪ್ಪಿಕೊಂಡದ್ದು ಇಷ್ಟು, ಅದೂ ಅವರ ವೈದ್ಯರನ್ನು ಕೇಳಿಕೊಂಡು. ಅಂಡಾಣು ಬೆಳೆಸುವ ಇಂಜೆಕ್ಷನ್ ಶುರುವಾಗುವ ತನಕ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆಲ್ಲ ಹೇಳುವ ಕನಿಷ್ಠ 150 ನಿಮಿಷ ಅದರಲ್ಲೇ ಆಗುತ್ತದೆ. ಇಂಜೆಕ್ಷನ್ ಶುರುವಾದ ಮೇಲೆ ಅಂಡಾಶಯ ಊದಿಕೊಂಡಿರುತ್ತದೆ, ತಿರುಚಿಕೊಳ್ಳುವ ಅಪಾಯವಿದೆ. ಆಗ ಓಟ, ಜಿಗಿತ, ಸೊಂಟ ತಿರುಚುವ ಆಸನ, ಭಾರ ಎತ್ತುವುದು ಬೇಡ. ಅಂಡಾಣು ತೆಗೆದ ಮೇಲೂ ವೈದ್ಯರು ಸೈ ಎನ್ನುವವರೆಗೆ ಬೇಡ. ಒಂದೇ ಬದಿ ತಡೆಯಲಾಗದ ನೋವು, ವಾಂತಿ, ಏದುಸಿರು, ಹೊಟ್ಟೆ ಉಬ್ಬರ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಭ್ರೂಣ ಹಾಕಿದ ಮೇಲೆ ಮನೆಯೊಳಗಿನ ಓಡಾಟ, ಹಗುರ ನಡಿಗೆ ಎಂದಿನಂತೆ. ಈಸ್ಟ್ರೋಜನ್ ಎಂಬ ಹಾರ್ಮೋನಿನ ಮಾತ್ರೆ ನುಂಗುತ್ತ ದಿನಗಟ್ಟಲೆ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯವೇ ಜಾಸ್ತಿ.

ಗಂಡನಿಗೂ ಒಂದು ಕೆಲಸ ಕೊಟ್ಟೆ. ಅತ್ತೆಗೆ ಹೇಳಬೇಕಾದ್ದು ಸೊಸೆಯಲ್ಲ, ಮಗ. ವೈದ್ಯರ ಮುಂದೆ ತಾಯಿಯನ್ನೂ ಒಮ್ಮೆ ಕೂರಿಸಿ ಎಂದೆ. "ಇವತ್ತು ನಡೆದೆಯಾ?" ಎಂದು ಲೆಕ್ಕ ಕೇಳಬೇಡಿ, ಜೊತೆಗೆ ಹೊರಡಿ ಎಂದೂ.

ಎರಡನೇ ಸಲದ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಡೆದಿದ್ದಕ್ಕೇ ನಿಂತಿತು, ನಡೆದಿದ್ದಕ್ಕೇ ಹೋಯಿತು ಎಂದು ಯಾರಾದರೂ ಓದಿಕೊಂಡಾರು.