ಎದೆಯುರಿ: ಮಾತ್ರೆಗಿಂತ ಮೊದಲು ಊಟದ ಹೊತ್ತು ನೋಡಿ

ಪ್ರಶ್ನೆ: ನನಗೆ 38 ವರ್ಷ. ಕೆಲಸ ಬೆಳ್ಳಂದೂರಿನಲ್ಲಿ, ಮನೆ ಬನಶಂಕರಿಯಲ್ಲಿ. ಮನೆ ಸೇರುವಾಗ ರಾತ್ರಿ ಒಂಬತ್ತೂವರೆ, ಊಟ ಹತ್ತಕ್ಕೆ, ಹನ್ನೊಂದಕ್ಕೆ ಮಲಗುತ್ತೇನೆ. ಒಂದೆರಡು ಗಂಟೆಯಲ್ಲೇ ಎದೆಯುರಿಯಿಂದ ಎಚ್ಚರವಾಗಿ ಗಂಟಲಿಗೆ ಹುಳಿನೀರು ಬರುತ್ತದೆ. ಏಳು ತಿಂಗಳಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಮಾತ್ರೆಯನ್ನು ರಾತ್ರಿ ಊಟದ ನಂತರ ನುಂಗುತ್ತಿದ್ದೇನೆ. ನಿಲ್ಲಿಸಿದರೆ ಮೂರನೇ ದಿನಕ್ಕೆ ಉರಿ ಇನ್ನೂ ಜೋರಾಗುತ್ತದೆ. ಜೀವನಪೂರ್ತಿ ಮಾತ್ರೆ ಬೇಕೇ? ಖಾರ ಬಿಟ್ಟೇಬಿಡಬೇಕೇ?

ಉತ್ತರ: ಎಲ್ಲರೂ ಇದನ್ನು ‘ಗ್ಯಾಸ್ಟ್ರಿಕ್’ ಎಂದು ಕರೆದು, ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿದೆ ಎಂದುಕೊಳ್ಳುತ್ತಾರೆ. ಬಹುಪಾಲು ಜನರಲ್ಲಿ ಆಮ್ಲ ಇರಬೇಕಾದಷ್ಟೇ ಇರುತ್ತದೆ, ಇರಬಾರದ ಜಾಗಕ್ಕೆ ಏರುತ್ತದೆ ಅಷ್ಟೆ. ಜಠರದ ಒಳಗೋಡೆಗೆ ಆಮ್ಲ ತಡೆಯುವ ಗಟ್ಟಿ ಲೋಳೆಪದರ ಇದೆ, ಅನ್ನನಾಳಕ್ಕೆ ಅಂಥದ್ದಿಲ್ಲ. ಎರಡೂ ಕೂಡುವಲ್ಲಿ ಸ್ನಾಯುವಿನ ಒಂದು ಉಂಗುರ ಬಿಗಿದುಕೊಂಡಿರುತ್ತದೆ. ಹೊಟ್ಟೆ ಬಿರಿಯುವಂತೆ ಉಂಡಾಗ ಈ ಉಂಗುರ ಮತ್ತೆ ಮತ್ತೆ ಸಡಿಲವಾಗುತ್ತದೆ. ಕೂತಿದ್ದರೆ, ನಿಂತಿದ್ದರೆ ಮೇಲೆ ಬಂದ ಆಮ್ಲ ಇಳಿದುಹೋಗುತ್ತದೆ. ಮಲಗಿದ್ದರೆ ಅಲ್ಲೇ ನಿಲ್ಲುತ್ತದೆ, ಜೊತೆಗೆ ನಿದ್ದೆಯಲ್ಲಿ ಜೊಲ್ಲು ನುಂಗುವುದೂ ಕಡಿಮೆ, ಹಾಗಾಗಿ ತೊಳೆದುಹೋಗುವುದಿಲ್ಲ.

ಊಟಕ್ಕೂ ನಿದ್ದೆಗೂ ನಡುವೆ ನಿಮಗಿರುವುದು ಒಂದು ಗಂಟೆ. ಬೇಕಾದದ್ದು ಕನಿಷ್ಠ ಮೂರು. ಟ್ರಾಫಿಕ್ ನಿಮ್ಮ ಕೈಯಲ್ಲಿಲ್ಲ, ಊಟದ ಹೊತ್ತನ್ನು ಮಾತ್ರ ಬದಲಿಸಬಹುದು. ಏಳು ಗಂಟೆಗೆ ಆಫೀಸಿನಲ್ಲೇ ಮುಖ್ಯ ಊಟ ಮುಗಿಸಿ ಹೊರಡಿ: ಎರಡು ಚಪಾತಿ-ಪಲ್ಯ, ಅಥವಾ ಡಬ್ಬಿಯಲ್ಲಿ ಒಯ್ದ ಮೊಸರನ್ನ. ಮನೆಗೆ ಬಂದ ಮೇಲೆ ಹಸಿವಾದರೆ ಒಂದು ಬಾಳೆಹಣ್ಣು ಅಥವಾ ಒಂದು ಇಡ್ಲಿ ಸಾಕು. ಮನೆಯವರ ಜೊತೆ ಕೂತು ಉಣ್ಣುವ ಖುಷಿ ತಪ್ಪುತ್ತದೆ, ನಿಜ. ಅದನ್ನು ಬೆಳಗಿನ ತಿಂಡಿಗೆ ವರ್ಗಾಯಿಸಿಕೊಳ್ಳಿ. ಎರಡು ವಾರ ಇದೊಂದನ್ನೇ ಮಾಡಿ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು ಮಂಚ. ತಲೆಯ ಕಡೆಯ ಎರಡು ಕಾಲುಗಳ ಕೆಳಗೆ 6ರಿಂದ 8 ಇಂಚು ಎತ್ತರದ ಮರದ ತುಂಡು ಇಡಿ. ಮಂಚದ ಕಾಲು ಕೂರುವಷ್ಟು ಗುಳಿ ತೋಡಿಸಿದರೆ ಜಾರುವುದಿಲ್ಲ. ಇಟ್ಟಿಗೆ ಇಟ್ಟವರ ಮಂಚ ರಾತ್ರಿ ಹೊರಳಿದಾಗ ಜಾರಿ ಬೀಳುವುದುಂಟು. ಫ್ಲಾಟುಗಳಲ್ಲಿ ಸಾಮಾನ್ಯವಾಗಿರುವ, ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚವನ್ನು ಎತ್ತಲಾಗದು. ಅದಕ್ಕೆ ಸೊಂಟದಿಂದ ತಲೆಯವರೆಗೆ ಇಳಿಜಾರಾಗಿರುವ ಫೋಮ್ ದಿಂಬು ಸಿಗುತ್ತದೆ. ಎರಡು ಮೂರು ದಿಂಬು ಪೇರಿಸುವುದು ಮಾತ್ರ ಬೇಡ. ಕತ್ತು ಬಾಗಿ, ಹೊಟ್ಟೆ ಮಡಚಿ, ಒತ್ತಡ ಮೇಲಕ್ಕೇ ಹೋಗಿ ಉರಿ ಹೆಚ್ಚುತ್ತದೆ. ಎಡಮಗ್ಗುಲಲ್ಲಿ ಮಲಗಿ, ಆಗ ಅನ್ನನಾಳ ಕೂಡುವ ಜಾಗ ಜಠರದ ಆಮ್ಲಕ್ಕಿಂತ ಮೇಲಿರುತ್ತದೆ. ಬಲಮಗ್ಗುಲಲ್ಲಿ ಇದು ತಿರುವುಮುರುವಾಗುತ್ತದೆ.

ಖಾರದ ಮಾತು. ಅದು ಎಲ್ಲರಿಗೂ ಶತ್ರುವಲ್ಲ. ಈಗಾಗಲೇ ಕೆರಳಿರುವ ಅನ್ನನಾಳಕ್ಕೆ ಮೆಣಸಿನಕಾಯಿ ಉರಿ ಕೊಡುತ್ತದೆ ನಿಜ, ಆದರೆ ಬಹಳ ಜನರಲ್ಲಿ ದೊಡ್ಡ ತಪ್ಪಿತಸ್ಥ ಜಿಡ್ಡು ಮತ್ತು ಪ್ರಮಾಣ. ಎಣ್ಣೆ-ಬೆಣ್ಣೆ ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ. ದರ್ಶಿನಿಯಲ್ಲಿ ಖಾರಾಬಾತ್, ಕೇಸರಿಬಾತ್, ಮೇಲೊಂದು ಉದ್ದಿನವಡೆ, ಕೊನೆಗೆ ಸ್ಟ್ರಾಂಗ್ ಕಾಫಿ: ಇಷ್ಟೂ ಒಟ್ಟಿಗೆ ಹೊಕ್ಕರೆ ಮೆಣಸಿನಕಾಯಿಯೊಂದನ್ನೇ ದೂರಿ ಫಲವಿಲ್ಲ. ಎರಡು ವಾರ ಒಂದು ಚೀಟಿಯಲ್ಲಿ ತಿಂದದ್ದು, ಎಷ್ಟು, ಎಷ್ಟು ಹೊತ್ತಿಗೆ, ಉರಿ ಬಂದದ್ದು ಯಾವಾಗ ಎಂದು ಬರೆದಿಡಿ. ಎರಡು ಮೂರು ಸಲ ಉರಿ ತಂದ ಪದಾರ್ಥವನ್ನಷ್ಟೇ ಬಿಡಿ. ಕಾಫಿ, ಹುಣಸೆಹುಳಿಯ ಗಟ್ಟಿ ಸಾರು, ಟೊಮೆಟೊ, ಚಾಕೊಲೇಟ್, ಪುದೀನಾ, ಮದ್ಯ ಹೆಚ್ಚಾಗಿ ಆ ಪಟ್ಟಿಗೆ ಬರುತ್ತವೆ. ಬೀಡಿ-ಸಿಗರೇಟು ಉಂಗುರವನ್ನೂ ಸಡಿಲಿಸುತ್ತದೆ, ಜೊಲ್ಲನ್ನೂ ಕಡಿಮೆ ಮಾಡುತ್ತದೆ. ಹೊಟ್ಟೆ ಮುಂದೆ ಬಂದಿದ್ದರೆ ನಾಲ್ಕೈದು ಕಿಲೋ ಇಳಿಸಿದರೂ ಗುಣ ಕಾಣುತ್ತದೆ. ಬೆಲ್ಟ್ ಒಂದು ತೂತು ಸಡಿಲ ಮಾಡಿ.

ಇನ್ನು ಮಾತ್ರೆ. ನೀವು ತೆಗೆದುಕೊಳ್ಳುತ್ತಿರುವ ಹೊತ್ತೇ ತಪ್ಪು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಆಮ್ಲ ಸುರಿಸುವ ಪಂಪುಗಳನ್ನು ಮುಚ್ಚುತ್ತವೆ, ಅದರಲ್ಲೂ ಕೆಲಸಕ್ಕೆ ಇಳಿದ ಪಂಪುಗಳನ್ನು ಮಾತ್ರ. ಪಂಪುಗಳು ಏಳುವುದು ಊಟ ಹೊಟ್ಟೆಗೆ ಬಿದ್ದಾಗ. ಅಷ್ಟರೊಳಗೆ ಮದ್ದು ರಕ್ತದಲ್ಲಿರಬೇಕು. ಆದ್ದರಿಂದ ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಅಗಿಯದೆ ಪುಡಿಮಾಡದೆ ನುಂಗಬೇಕು. ಪೂರ್ತಿ ಗುಣ ಕಾಣಲು ಒಂದರಿಂದ ನಾಲ್ಕು ದಿನ ಬೇಕು. ಉರಿ ಬಂದಾಗ ನುಂಗಿ ಹತ್ತು ನಿಮಿಷದಲ್ಲಿ ಶಮನ ಕಾಯುವವರಿಗೆ ಇದು ಸರಿಯಾದ ಮದ್ದಲ್ಲ.

ನಿಲ್ಲಿಸಿದಾಗ ಉರಿ ಜೋರಾಗುವುದು ರೋಗ ಹೆಚ್ಚಾಗಿದೆ ಎಂಬ ಗುರುತಾಗಬೇಕಿಲ್ಲ. ತಿಂಗಳುಗಟ್ಟಲೆ ಪಂಪು ಮುಚ್ಚಿಟ್ಟ ಜಠರ, ಮಾತ್ರೆ ಬಿಟ್ಟೊಡನೆ ಕೆಲವು ವಾರ ಹೆಚ್ಚು ಆಮ್ಲ ಸುರಿಸುತ್ತದೆ. ಹೆದರಿ ಮತ್ತೆ ಶುರುಮಾಡುವುದರಿಂದಲೇ ಅನೇಕರು ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. ಮೊದಲು ಊಟದ ಹೊತ್ತು, ಮಂಚ ಸರಿಮಾಡಿಕೊಳ್ಳಿ. ನಂತರ ಎರಡು ವಾರ 20 ಮಿ.ಗ್ರಾಂ, ಮತ್ತೆರಡು ವಾರ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸುವುದು: ಸಾಮಾನ್ಯ ಕ್ರಮ ಇದು. ನಡುವೆ ಉರಿ ಬಂದರೆ ಆಂಟಾಸಿಡ್ (ಆಮ್ಲ ತಣಿಸುವ ಮದ್ದು) ತೆಗೆದುಕೊಳ್ಳಬಹುದು. ಆದರೆ ಏಳು ತಿಂಗಳಾಗಿರುವುದರಿಂದ ಇಳಿಸುವ ಮುನ್ನ ಒಮ್ಮೆ ವೈದ್ಯರನ್ನು ಕಾಣಲೇಬೇಕು. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ಅದನ್ನೇ ಹೇಳುತ್ತಿದೆ. ಎಂಡೋಸ್ಕೋಪಿಯಲ್ಲಿ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಅನ್ನನಾಳ ಹುಣ್ಣಾಗಿದ್ದು ಕಂಡವರಿಗೆ ಮಾತ್ರೆ ದೀರ್ಘಕಾಲ ಬೇಕಾಗುತ್ತದೆ. ಅಂಥವರು ತಾವಾಗಿ ನಿಲ್ಲಿಸಬಾರದು.

ಡೈಜೀನ್, ಜೆಲುಸಿಲ್‌ನಂಥ ಆಂಟಾಸಿಡ್‌ಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯೊಳಗೆ ಜಠರದಿಂದ ಇಳಿದುಹೋಗುತ್ತವೆ, ಊಟವಾಗಿ ಒಂದು ಗಂಟೆಗೆ ತೆಗೆದುಕೊಂಡರೆ ಮೂರು ಗಂಟೆಯವರೆಗೂ ಕೆಲಸ ಮಾಡುತ್ತವೆ. ಬಾಟಲಿ ಚೆನ್ನಾಗಿ ಅಲುಗಿಸಿ ಎರಡು ಟೀ ಚಮಚ, ಅಂದರೆ 10 ಮಿ.ಲೀ. ಮಾತ್ರೆಯಾದರೆ ಅಗಿದು ನುಂಗಿ. ಹುಳಿನೀರು ಗಂಟಲಿಗೇ ಬರುವ ನಿಮ್ಮಂಥವರಿಗೆ ಸೋಡಿಯಂ ಆಲ್ಜಿನೇಟ್ ಇರುವ ದ್ರವ ಹೆಚ್ಚು ಹೊಂದುತ್ತದೆ. ಅದು ಜಠರದಲ್ಲಿ ತೆಪ್ಪದಂತೆ ಮೇಲೆ ತೇಲಿ ಆಮ್ಲವನ್ನು ಕೆಳಗೇ ತಡೆಯುತ್ತದೆ. ಊಟದ ನಂತರ ಮತ್ತು ಮಲಗುವ ಮುಂಚೆ ಕುಡಿಯಿರಿ, ಅದರ ಮೇಲೆ ನೀರು ಕುಡಿಯಬೇಡಿ.

ಪ್ರಶ್ನೆ: ಐದು ತಿಂಗಳ ಗರ್ಭಿಣಿ. ಎದೆಯುರಿಗೆ ಅತ್ತೆ ತಣ್ಣನೆ ಹಾಲು, ಓಂಕಾಳು ಕೊಡುತ್ತಾರೆ, ಮನೆಯವರು ನಿಂಬೆ ಸೋಡಾ ತರುತ್ತಾರೆ. ಯಾವುದು ಸರಿ?

ಉತ್ತರ: ಸೋಡಾ ಬೇಡ. ಅದರ ಗಾಳಿ ಹೊಟ್ಟೆಯನ್ನು ಉಬ್ಬಿಸಿ ಉಂಗುರವನ್ನು ತೆರೆಸುತ್ತದೆ. ತೇಗು ಬಂದು ಹಗುರ ಎನಿಸಿದರೂ ಆ ತೇಗಿನ ಜೊತೆಗೇ ಆಮ್ಲವೂ ಏರುತ್ತದೆ. ಹಾಲು ಕ್ಷಣಕಾಲ ತಂಪು, ಆಮೇಲೆ ಅದೇ ಆಮ್ಲವನ್ನು ಹೆಚ್ಚಿಸುತ್ತದೆ. ಕುಡಿಯಲೇಬೇಕಾದರೆ ಕೆನೆ ತೆಗೆದದ್ದು ಅರ್ಧ ಲೋಟ, ಮಲಗುವ ಹೊತ್ತಿಗಂತೂ ಅಲ್ಲ. ಓಂಕಾಳು ಅಡುಗೆಯಲ್ಲಿ ಹಾಕುವಷ್ಟೇ ಇರಲಿ, ಗಟ್ಟಿ ಕಷಾಯ ಮಾಡಿ ಕುಡಿಯಬೇಡಿ. ಮೂರು ಹೊತ್ತಿನ ಊಟವನ್ನು ಐದಾರು ಸಣ್ಣ ಪಾಲು ಮಾಡಿ. ಆಲ್ಜಿನೇಟ್ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಆಂಟಾಸಿಡ್ ಅನ್ನು ನಿಮ್ಮ ವೈದ್ಯರಿಗೆ ಹೇಳಿ ಬಳಸಬಹುದು, ಕಬ್ಬಿಣಾಂಶದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಅಡುಗೆ ಸೋಡಾ, ಈನೋ ಬೇಡ. ಒಂದನ್ನು ಮಾತ್ರ ಮರೆಯಬೇಡಿ: ಐದು ತಿಂಗಳ ನಂತರ ಹೊಟ್ಟೆಯ ಮೇಲ್ಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ನೋವು ಬಂದು, ಜೊತೆಗೆ ತಲೆನೋವು, ಕಣ್ಣು ಮಂಜು, ಮುಖ-ಕೈ ಊತ ಇದ್ದರೆ ಅದು ಗರ್ಭಿಣಿಯರ ಏರು ರಕ್ತದೊತ್ತಡದ ಸೂಚನೆ ಇರಬಹುದು. ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ 64. ಬಿಪಿ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಂಡಿನೋವಿಗೆ ಆಗಾಗ ಡೈಕ್ಲೋಫೆನಾಕ್. ಮೂರು ತಿಂಗಳಿಂದ ಎದೆಯುರಿ ಹೊಸದಾಗಿ ಶುರುವಾಗಿದೆ. ದಿನಾ ಈನೋ ಕುಡಿಯುತ್ತಾರೆ, ಮನೆಯಲ್ಲಿದ್ದ ಹಳೆಯ ರಾನಿಟಿಡಿನ್ ಕೂಡ ನುಂಗುತ್ತಾರೆ.

ಉತ್ತರ: ಈನೋದ 5 ಗ್ರಾಂ ಪೊಟ್ಟಣದಲ್ಲಿ ಸುಮಾರು 0.8 ಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದೇ 2 ಗ್ರಾಂಗಿಂತ ಕಡಿಮೆ. ಉಪ್ಪಿನಕಾಯಿ ಬಿಡಿಸಿ ಈನೋ ಕುಡಿಸಿದರೆ ಬಿಪಿಗೆ ಏನು ಪ್ರಯೋಜನ? ಅದನ್ನು ನಿಲ್ಲಿಸಿ. ರಾನಿಟಿಡಿನ್ ಅನ್ನು ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಎನ್‌ಡಿಎಂಎ ಎಂಬ ಕಲ್ಮಶದ ಕಾರಣ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದೆಗೆಸಲಾಯಿತು. 2022ರಲ್ಲಿ ನಮ್ಮ ದೇಶದ ಅತ್ಯಗತ್ಯ ಔಷಧಿಗಳ ಪಟ್ಟಿಯಿಂದಲೂ ಅದು ಹೊರಗೆ ಹೋಯಿತು. ಹಳೆಯ ಸ್ಟ್ರಿಪ್ ಎಸೆದುಬಿಡಿ. ಅದೇ ಗುಂಪಿನ ಫ್ಯಾಮೋಟಿಡಿನ್ 20 ಮಿ.ಗ್ರಾಂ ಬದಲಿಗೆ ಸಿಗುತ್ತದೆ. ಆದರೆ ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು, ಹಾಗಾಗಿ ವೈದ್ಯರನ್ನು ಕೇಳಿಯೇ ಕೊಡಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಅಲ್ಯೂಮಿನಿಯಂ-ಮೆಗ್ನೀಸಿಯಂ ಆಂಟಾಸಿಡ್ ಕೂಡ ಒಳ್ಳೆಯದಲ್ಲ. ಹೆಸರಿನ ಕೊನೆಯಲ್ಲಿ ‘ಡಿ’ ಅಥವಾ ‘ಡಿಎಸ್‌ಆರ್’ ಇರುವ ಎದೆಯುರಿ ಮಾತ್ರೆಗಳಲ್ಲಿ ಡೊಂಪೆರಿಡೋನ್ ಇರುತ್ತದೆ, ವಯಸ್ಸಾದವರ ಹೃದಯದ ಬಡಿತ ತಪ್ಪಿಸಬಲ್ಲ ಮದ್ದು ಅದು. ಅಂಗಡಿಯಲ್ಲಿ ಕೇಳಿ ತರಬೇಡಿ.

ಥೈರಾಯ್ಡ್ ಮಾತ್ರೆ ನುಂಗಿ ನಾಲ್ಕು ಗಂಟೆಯವರೆಗೆ ಯಾವ ಆಂಟಾಸಿಡ್ಡೂ ಬೇಡ, ಎರಡೂ ಒಟ್ಟಿಗೆ ಹೋದರೆ ಥೈರಾಯ್ಡ್ ಮದ್ದು ಮೈಗೆ ಹತ್ತುವುದಿಲ್ಲ. ಬಿಪಿಗೆ ಅಮ್ಲೊಡಿಪಿನ್ ಇದ್ದರೆ ಅದೂ ಆ ಉಂಗುರವನ್ನು ಸಡಿಲಿಸಬಹುದು. ನೀವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಡೈಕ್ಲೋಫೆನಾಕ್ ಜಠರದಲ್ಲಿ ಹುಣ್ಣು ಮಾಡುತ್ತದೆ. ಮೊದಲು ಅನುಮಾನಿಸಬೇಕಾದದ್ದು ಅದನ್ನೇ.

ಅರವತ್ತು ದಾಟಿದ ಮೇಲೆ ಹೊಸದಾಗಿ ಬಂದ ಎದೆಯುರಿಗೆ ಎಂಡೋಸ್ಕೋಪಿ ಬೇಕೇ ಎಂದು ತಜ್ಞರೇ ನಿರ್ಧರಿಸಬೇಕು. ನುಂಗುವಾಗ ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ಟಾರಿನಂಥ ಕಪ್ಪು ಮಲ, ರಕ್ತವಾಂತಿ, ರಕ್ತಹೀನತೆ, ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ.

ಮತ್ತೆ ಹೃದಯ. ಎದೆಯ ಮೇಲೆ ಭಾರ ಇಟ್ಟಂತೆ ಒತ್ತುವುದು, ಬೆವರು, ಉಸಿರಾಟದ ಕಷ್ಟ, ದವಡೆಗೋ ತೋಳಿಗೋ ಬೆನ್ನಿಗೋ ಹರಡುವ ನೋವು, ಮೆಟ್ಟಿಲು ಹತ್ತಿದಾಗ ಬಂದು ಕೂತಾಗ ಕಡಿಮೆಯಾಗುವ ‘ಗ್ಯಾಸ್’: ಇವು ಎದೆಯುರಿಯಲ್ಲ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಬರೀ ಸುಸ್ತು, ವಾಕರಿಕೆಯಾಗಿಯೂ ಬರುತ್ತದೆ. ಆಂಟಾಸಿಡ್ ಕುಡಿಸಿ ಕಡಿಮೆಯಾಗುತ್ತದೋ ನೋಡೋಣ ಎಂದು ಕಾಯಬೇಡಿ, ಕಡಿಮೆಯಾದರೂ ಹೃದಯ ಸರಿಯಿದೆ ಎಂದಾಗುವುದಿಲ್ಲ. 108ಕ್ಕೆ ಕರೆ ಮಾಡಿ. ಜಯದೇವ ಹೃದ್ರೋಗ ಆಸ್ಪತ್ರೆಗೇ ಹೋಗಬೇಕೆಂದು ಊರಿನ ಆ ತುದಿಯಿಂದ ಟ್ರಾಫಿಕ್ ದಾಟಿ ಹೊರಡಬೇಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಕರೆದೊಯ್ಯಿರಿ. ಅಮ್ಮ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಬರೆದ ಚೀಟಿ ಜೊತೆಯಲ್ಲಿರಲಿ.