ಹೋಮ್ಸ್ ಲೋಕಕ್ಕೆ ಸ್ವಂತ ಪಾತ್ರ: ರಾಜಕುಮಾರನನ್ನು ಬಿಡಿ, ಆಯಾಳನ್ನು ಹುಡುಕಿ

ಗೆಳೆಯರೇ, ಷರ್ಲಾಕ್ ಹೋಮ್ಸ್ ಕಥೆಗಳ ಲೋಕಕ್ಕೆ ನಿಮ್ಮದೇ ಆದ ಒಂದು ಕನ್ನಡದ ಪಾತ್ರವನ್ನು ತರಬೇಕೆಂದಿದ್ದೀರಿ. ಮೈಸೂರು ಅರಮನೆಯ ನಂಟಿರುವ ಯುವಕ, ಏಳು ಭಾಷೆ ಬಲ್ಲವನು, ಕತ್ತಿವರಸೆಯಲ್ಲಿ ನಿಪುಣ, ಲಂಡನ್ನಿಗೆ ಬಂದಿಳಿದ ದಿನವೇ ಹೋಮ್ಸ್‌ಗೆ ಹೊಳೆಯದ ಸುಳಿವನ್ನು ಹಿಡಿಯುತ್ತಾನೆ ಎಂಬುದು ನಿಮ್ಮ ಟಿಪ್ಪಣಿಯ ಸಾರ. ಹೀಗೆ ಬರೆಯಲು ಹಕ್ಕುಸ್ವಾಮ್ಯದ ಅಡ್ಡಿ ಇದೆಯೇ ಎಂದೂ, ಮೂರು ಸಲ ತಿದ್ದಿದರೂ ಪಾತ್ರಕ್ಕೆ ಜೀವ ಬರುತ್ತಿಲ್ಲವೇಕೆ ಎಂದೂ ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಆರ್ಥರ್ ಕೊನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ಭಾರತದಲ್ಲಿ ಆ ಕಥೆಗಳ ಹಕ್ಕು ಮುಗಿದು ದಶಕಗಳೇ ಆಗಿವೆ, ಅಮೆರಿಕದಲ್ಲಿ ಉಳಿದಿದ್ದ ಕೊನೆಯ ಕಥೆಗಳೂ 2023ರ ಜನವರಿ 1ರಂದು ಮುಕ್ತವಾದವು. ಆದರೆ ಈಚಿನ ಟಿವಿ ಸರಣಿಗಳು ಹೊಸದಾಗಿ ಸೇರಿಸಿದ ಪಾತ್ರಗಳಿಗೂ ಸಂಭಾಷಣೆಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಆದ್ದರಿಂದ ಮೂಲದ 4 ಕಾದಂಬರಿಗಳು ಮತ್ತು 56 ಕಥೆಗಳನ್ನಷ್ಟೇ ಆಧಾರವಾಗಿಟ್ಟುಕೊಳ್ಳಿ.

ಇನ್ನು ರಾಜಕುಮಾರನ ವಿಷಯ. 1973ರಲ್ಲಿ ಪೌಲಾ ಸ್ಮಿತ್ ಎಂಬುವರು ಸ್ಟಾರ್ ಟ್ರೆಕ್ ಎಂಬ ಟಿವಿ ಸರಣಿಯ ಅಭಿಮಾನಿಗಳ ಪತ್ರಿಕೆಯೊಂದರಲ್ಲಿ ಒಂದು ಅಣಕು ಕಥೆ ಬರೆದರು. ಅದರ ನಾಯಕಿ ಹದಿನೈದೂವರೆ ವರ್ಷದ ಲೆಫ್ಟಿನೆಂಟ್, ಹೆಸರು ಮೇರಿ ಸ್ಯೂ. ಆಕೆಗೆ ಬಾರದ ವಿದ್ಯೆಯಿಲ್ಲ, ಆಕೆಯನ್ನು ಮೆಚ್ಚದವರಿಲ್ಲ. ಇಂಥ ಪಾತ್ರಗಳಿಗೆಲ್ಲ ಇಂದಿಗೂ ಅದೇ ಹೆಸರು ಅಂಟಿಕೊಂಡಿದೆ. ಹುಡುಗಿಯರು ಬರೆದದ್ದನ್ನೆಲ್ಲ ಹೀಗಳೆಯಲು ಆ ಹೆಸರನ್ನು ಬಳಸುವವರನ್ನು ಕಂಡರೆ ನನಗೆ ಆಗದು. ಜಾಣತನವೇ ದೋಷವೆಂದು ತಿಳಿಯುವುದೂ ಸರಿಯಲ್ಲ: ಡಾಯ್ಲ್‌ನ ಕಥೆಯೊಂದರಲ್ಲಿ ಐರೀನ್ ಆಡ್ಲರ್ ಎಂಬ ಹೆಂಗಸು ಹೋಮ್ಸ್‌ನನ್ನು ಸೋಲಿಸಿದರೂ ಓದುಗರು ಆಕೆಯನ್ನು ಮೆಚ್ಚುತ್ತಾರೆ, ಏಕೆಂದರೆ ಹೋಮ್ಸ್ ತನ್ನ ಪೂರ್ತಿ ಜಾಣತನವನ್ನು ತೋರಿಸಿ, ಹೂಡಿದ ಉಪಾಯ ಫಲಿಸಿದ ಮೇಲೆಯೇ ಆಕೆ ಗೆಲ್ಲುತ್ತಾಳೆ. ನಿಮ್ಮ ಯುವಕ ಗೆಲ್ಲಬೇಕಾದರೆ ಉಳಿದವರೆಲ್ಲ ದಡ್ಡರಾಗಬೇಕಾಗುತ್ತದೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ನಾನು ಮೊದಲು ಸೃಷ್ಟಿಸಿದ್ದು ಧಾರವಾಡದ ಒಬ್ಬ ವೈದ್ಯನನ್ನು. ಹದಿನಾಲ್ಕು ಪುಟಗಳಾಗುವಷ್ಟರಲ್ಲಿ ಪಾಪ, ಹೋಮ್ಸ್‌ನ ಗೆಳೆಯನೂ ಕಥೆಗಳ ನಿರೂಪಕನೂ ಆದ ವಾಟ್ಸನ್‌ಗೆ ಕೊಡೆ ಹಿಡಿದು ನಿಲ್ಲುವುದರ ಹೊರತು ಬೇರೆ ಕೆಲಸವೇ ಉಳಿದಿರಲಿಲ್ಲ.

ಅರಮನೆಯ ನಂಟಿನದೂ ಒಂದು ತೊಡಕೇ. ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದ್ದು 1881ರಲ್ಲಿ. ಅದಾದ ಏಳೆಂಟು ವರ್ಷಗಳಲ್ಲೇ ಆ ಮನೆತನದವನೊಬ್ಬ ಲಂಡನ್ನಿನ ಬೀದಿಗಳಲ್ಲಿ ಯಾರ ಕಣ್ಣಿಗೂ ಬೀಳದೆ ಪತ್ತೇದಾರಿಕೆ ನಡೆಸಿದನೆಂದರೆ, ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟರ ಕಚೇರಿ ಏನು ಮಾಡುತ್ತಿತ್ತೆಂದು ಓದುಗರು ಕೇಳಿಯೇ ಕೇಳುತ್ತಾರೆ.

ಹಾಗಾದರೆ ಪಾತ್ರ ಎಲ್ಲಿಂದ ಬರಬೇಕು? ಮೂಲಕಥೆ ತಾನಾಗಿ ಬಿಟ್ಟಿರುವ ಖಾಲಿ ಜಾಗದಿಂದ ಬರಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. 1888ರಲ್ಲಿ ನಡೆಯುವ ಎರಡನೆಯ ಕಾದಂಬರಿ ‘ದಿ ಸೈನ್ ಆಫ್ ಫೋರ್’ನಲ್ಲಿ, ಮುಂದೆ ವಾಟ್ಸನ್‌ನ ಹೆಂಡತಿಯಾಗುವ ಮೇರಿ ಮೋರ್ಸ್ಟನ್ ತನ್ನ ಪೂರ್ವವೃತ್ತಾಂತವನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತಾಳೆ. ತಂದೆ ಭಾರತದ ದಂಡಿನಲ್ಲಿ ಅಧಿಕಾರಿ, ತಾಯಿ ಬದುಕಿಲ್ಲ, ಇಂಗ್ಲೆಂಡಿನಲ್ಲಿ ಬಂಧುಗಳಿಲ್ಲ, ತೀರ ಚಿಕ್ಕವಳಿದ್ದಾಗಲೇ ತಂದೆ ಅವಳನ್ನು ಅಲ್ಲಿಗೆ ಕಳುಹಿಸಿದ, ಹದಿನೇಳರವರೆಗೆ ಎಡಿನ್‌ಬರೋದ ವಸತಿಶಾಲೆಯಲ್ಲಿ ಬೆಳೆದಳು. ಇಷ್ಟನ್ನು ಓದಿದ ಕೂಡಲೇ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ತಬ್ಬಲಿ ಮಗುವನ್ನು ಹಡಗಿನಲ್ಲಿ ಕರೆತಂದವರು ಯಾರು? ಡಾಯ್ಲ್ ಹೇಳಿಲ್ಲ. ಆ ಕಾಲದ ಯಾವುದೇ ದಂಡಿನ ಮನೆಯಲ್ಲಿ ಅದಕ್ಕೆ ಸಹಜವಾದ ಉತ್ತರವೆಂದರೆ ಆಯಾ.

ಇಲ್ಲಿಯೇ ನಿಮ್ಮ ಕನ್ನಡದ ಆಸೆಯೂ ತಾನಾಗಿ ಈಡೇರುತ್ತದೆ. ಮೇರಿಯ ತಂದೆಯ ದಳವನ್ನು ಡಾಯ್ಲ್ 34ನೇ ಬಾಂಬೆ ಪದಾತಿ ದಳವೆಂದು ಕರೆದಿದ್ದಾನೆ. ಬೆಳಗಾವಿ ಅಂದು ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ ದಂಡಿನ ಊರು. ಮೇರಿಗೆ 1888ರಲ್ಲಿ 27 ವರ್ಷ. ಆರನೆಯ ವಯಸ್ಸಿನಲ್ಲಿ ಹಡಗು ಹತ್ತಿದಳೆಂದರೆ ಅದು 1867ರ ಸುಮಾರು. ಆ ಆಯಾಳ ಹೆಸರು ಬೆಳಗಾವಿಯ ಯಲ್ಲವ್ವ ಎಂದಿಟ್ಟುಕೊಳ್ಳಿ; ಆಗ ಇಪ್ಪತ್ತೆರಡರ ತರುಣಿಯಾಗಿದ್ದ ಅವಳಿಗೆ ನಿಮ್ಮ ಕಥೆ ನಡೆಯುವ 1889ರಲ್ಲಿ ನಲವತ್ತನಾಲ್ಕು. ಸುಯೆಜ್ ಕಾಲುವೆ ತೆರೆದದ್ದು 1869ರ ನವೆಂಬರಿನಲ್ಲಿ ಎಂಬುದನ್ನು ಮರೆಯಬೇಡಿ. ಆದ್ದರಿಂದ ಆಕೆಯ ಮೊದಲ ಪ್ರಯಾಣವೆಂದರೆ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ವೆಂಗುರ್ಲಾ ಬಂದರು, ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಸುಯೆಜ್, ಅಲ್ಲಿ ಇಳಿದು ರೈಲಿನಲ್ಲಿ ಅಲೆಕ್ಸಾಂಡ್ರಿಯಾ, ಮತ್ತೆ ಇನ್ನೊಂದು ಹಡಗು. ಮರಳುಗಾಡಿನ ರೈಲಿನಲ್ಲಿ ಅಳುವ ಮಗುವನ್ನು ಸಂಭಾಳಿಸಿದ ಹೆಂಗಸಿಗೆ ಬೇರೆ ಸಾಹಸದ ಹಿನ್ನೆಲೆ ಬೇಕೇ?

ಇಂಥವರಲ್ಲಿ ಕೆಲವರು ಹತ್ತಾರು ಸಲ ಕಡಲು ದಾಟಿದ್ದುಂಟು. ಲಂಡನ್ ತಲುಪಿದ ಮೇಲೆ ಕೆಲಸ ಮುಗಿಯಿತೆಂದು ಕೈಬಿಡಲ್ಪಟ್ಟವರೂ ಉಂಟು. ಅಂಥವರಿಗಾಗಿ ಆಲ್ಡ್‌ಗೇಟ್‌ನಲ್ಲಿ ಒಂದು ವಸತಿಗೃಹವಿತ್ತು. 1900ರಲ್ಲಿ ಅದು ಹ್ಯಾಕ್ನಿಗೆ ಸ್ಥಳಾಂತರವಾಯಿತು. ಭಾರತಕ್ಕೆ ಹೊರಟ ಕುಟುಂಬಗಳು ಅಲ್ಲಿಂದಲೇ ಆಯಾಳನ್ನು ಗೊತ್ತುಮಾಡಿಕೊಳ್ಳುತ್ತಿದ್ದುವು. ಇನ್ನೊಂದು ವಿವರವಂತೂ ಕಥೆಗಾರನಿಗೆ ಸಿಕ್ಕ ನಿಧಿಯೇ: ಹಡಗಿನ ಪ್ರಯಾಣಿಕರ ಪಟ್ಟಿಗಳಲ್ಲಿ ಬಹಳಷ್ಟು ಸಲ ಇವರ ಹೆಸರೇ ಇರುತ್ತಿರಲಿಲ್ಲ; ‘ಇಂಥ ಶ್ರೀಮತಿಯ ಆಯಾ’ ಎಂದು ಬರೆದು ಮುಗಿಸುತ್ತಿದ್ದರು. ಹಾಗಿರುವಾಗ ಯಲ್ಲವ್ವನಿಗೆ ಮೀಸಲಾದ ಹಿಂದಿರುಗುವ ಜಾಗದಲ್ಲಿ ಬೇರೊಬ್ಬ ಹೆಂಗಸು ಹಡಗು ಹತ್ತಿ ಹೋದರೆ, ಅದು ಮೋಸವೆಂದು ರುಜುವಾತುಪಡಿಸುವುದಾದರೂ ಹೇಗೆ? ಇದು ಅವಳದೇ ಪ್ರಕರಣ. ಆ ಕಾದಂಬರಿಯ ಆಗ್ರಾದ ನಿಧಿಯನ್ನಾಗಲಿ ಹೋಮ್ಸ್‌ನ ಕಡುವೈರಿ ಮೊರಿಯಾರ್ಟಿಯನ್ನಾಗಲಿ ಇದಕ್ಕೆ ಎಳೆದು ತರಬೇಡಿ. ಡಾಯ್ಲ್ ಕಟ್ಟಿ ಮುಗಿಸಿದ ಗೋಡೆಯಿಂದ ಇಟ್ಟಿಗೆ ಕೀಳಬೇಕಾದ ಪ್ರಮೇಯವೇ ಇಲ್ಲ.

ಕಾಲದ ಕಿಂಡಿ ಮಾತ್ರ ಕಿರಿದು. ಮದುವೆಯ ನಂತರ ವಾಟ್ಸನ್ ಪ್ಯಾಡಿಂಗ್ಟನ್ ಬಳಿ ವೈದ್ಯವೃತ್ತಿ ನಡೆಸುತ್ತಾನೆ. 1891ರ ಮೇ 4ರಂದು ಹೋಮ್ಸ್ ಸ್ವಿಟ್ಜರ್ಲೆಂಡಿನ ರೈಖೆನ್‌ಬಾಕ್ ಜಲಪಾತದ ಬಳಿ ಕಣ್ಮರೆಯಾಗುತ್ತಾನೆ. ಅವನು 1894ರಲ್ಲಿ ಮರಳುವಷ್ಟರಲ್ಲಿ ಮೇರಿ ತೀರಿಹೋಗಿರುವ ಸೂಚನೆಯಿದೆ. ಆದ್ದರಿಂದ ಹೋಮ್ಸ್, ವಾಟ್ಸನ್, ಮೇರಿ ಮೂವರೂ ಒಂದೆಡೆ ಸೇರಲು ನಿಮಗಿರುವುದು ಸುಮಾರು ಎರಡು ವರ್ಷ. ದಿನಾಂಕಗಳ ಬಗ್ಗೆ ಇದಕ್ಕಿಂತ ಹೆಚ್ಚಿನ ಮಡಿ ಬೇಡ, ಏಕೆಂದರೆ ಮೂಲದಲ್ಲೇ ಎಡವಟ್ಟುಗಳಿವೆ: ಮೇರಿ ತಂದ ಕಾಗದದ ಮೇಲಿನ ಅಂಚೆ ಮುದ್ರೆ ಜುಲೈ 7ರದು, ಅದೇ ಸಂಜೆಯನ್ನು ವಾಟ್ಸನ್ ಸೆಪ್ಟೆಂಬರಿನ ಸಂಜೆ ಎನ್ನುತ್ತಾನೆ. ಅವನ ಗುಂಡಿನ ಗಾಯವಂತೂ ಮೊದಲ ಕಾದಂಬರಿಯಲ್ಲಿ ಭುಜದಲ್ಲಿದ್ದರೆ ಎರಡನೆಯದರಲ್ಲಿ ಕಾಲಿಗೆ ಇಳಿದಿದೆ.

ಹೋಮ್ಸ್ ಮತ್ತು ಯಲ್ಲವ್ವ ಎದುರಾಗುವ ದೃಶ್ಯದಲ್ಲಿ ಇಬ್ಬರಿಗೂ ನೋಡುವ ಕಣ್ಣಿರಲಿ, ಆದರೆ ನೋಟ ಬೇರೆಬೇರೆಯಾಗಿರಲಿ. ಅವಳ ಸೀರೆಯ ಬಣ್ಣ ಎಡ ಸೊಂಟದ ಮೇಲೆ ಮಾತ್ರ ಮಾಸಿದೆ, ಎಡ ಭುಜ ಕೊಂಚ ಮೇಲೆದ್ದಿದೆ. ವರ್ಷಗಟ್ಟಲೆ ಮಕ್ಕಳನ್ನು ಅದೇ ಕಂಕುಳಲ್ಲಿ ಎತ್ತಿಕೊಂಡವಳೆಂದು ಹೋಮ್ಸ್ ಹೇಳಬಹುದು. ಅವಳು ಅವನನ್ನು ನೋಡಿ ಏನು ಹೇಳಬೇಕು? ಪತ್ತೇದಾರಿಕೆಯ ಮಾತಂತೂ ಅಲ್ಲ. ಕೆಲಸ ಕೈಗೆತ್ತಿಕೊಂಡಾಗ ಹೋಮ್ಸ್ ಊಟ ಬಿಡುವವನು. ಹಟ ಹಿಡಿದು ಉಣ್ಣದ ಮಕ್ಕಳನ್ನು ನೂರು ಸಲ ಕಂಡವಳಿಗೆ ಆ ಮುಖ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ‘ಎರಡ ದಿನದಿಂದ ಉಂಡಿಲ್ರೀ ಇವ್ರು’ ಎಂದು ಅವಳು ತನ್ನಷ್ಟಕ್ಕೇ ಅಂದುಕೊಂಡರೆ ಸಾಕು. ಹೋಮ್ಸ್ ಹೋಮ್ಸ್ ಆಗಿಯೇ ಉಳಿಯುತ್ತಾನೆ, ಅವಳು ಅವಳಾಗಿ ನಿಲ್ಲುತ್ತಾಳೆ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನೀವು ಬರೆಯುವುದು ಕನ್ನಡದಲ್ಲಿ. ಹೋಮ್ಸ್‌ನ ಇಂಗ್ಲಿಷೂ ಓದುಗರಿಗೆ ಕನ್ನಡವಾಗಿಯೇ ಕಾಣುತ್ತದೆ. ಅವಳ ಹರಕು ಇಂಗ್ಲಿಷನ್ನು ಹರಕು ಕನ್ನಡದಲ್ಲಿ ಬರೆದರೆ ಕನ್ನಡದವಳೇ ಕನ್ನಡ ಬಾರದವಳಂತೆ ತೋರುವ ವಿಪರೀತವಾಗುತ್ತದೆ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ವಾಟ್ಸನ್ ತನ್ನ ಮಾತಿನಲ್ಲಿ ವರದಿ ಮಾಡಲಿ. ಬೆಳಗಾವಿಯ ಮಾತು ಅವಳು ಒಬ್ಬಳೇ ಇದ್ದಾಗ ಮತ್ತು ಮೇರಿಯ ಮುಂದೆ ಮಾತ್ರ ಬರಲಿ. ಮೇರಿಗೆ ಆ ಭಾಷೆಯೆಲ್ಲ ಮರೆತುಹೋಗಿದೆ. ಆದರೆ ಯಲ್ಲವ್ವ ಬಾಗಿಲಲ್ಲಿ ನಿಂತು ‘ಕಾಗಿ ತುತ್ತು, ಗುಬ್ಬಿ ತುತ್ತು’ ಎಂದಾಗ, ಅರ್ಥವೇ ತಿಳಿಯದ ಆ ಇಂಗ್ಲಿಷ್ ಹೆಂಗಸು ತನಗರಿವಿಲ್ಲದೆ ಬಾಯಿ ಸ್ವಲ್ಪ ತೆರೆಯುತ್ತಾಳೆ. ವಾಟ್ಸನ್‌ಗೆ ಅದು ಕಾಣುತ್ತದೆ, ಏಕೆಂದು ತಿಳಿಯುವುದಿಲ್ಲ. ಅವನಿಗೆ ತಿಳಿಯದೆ ಓದುಗರಿಗೆ ತಿಳಿಯುವ ಇಂಥ ಅವಕಾಶ ಸಿಗುವುದರಿಂದಲೇ ನಿರೂಪಣೆಯನ್ನು ವಾಟ್ಸನ್‌ಗೇ ಬಿಡಿ ಎನ್ನುತ್ತೇನೆ. ಅವನು ಆ ಕಾಲದ ಇಂಗ್ಲಿಷಿನವನು. ಅವಳನ್ನು ಸ್ವಲ್ಪ ತಪ್ಪಾಗಿಯೇ ಅಂದಾಜು ಮಾಡಲಿ, ಅದನ್ನು ತೊಳೆದು ಶುಭ್ರಗೊಳಿಸಬೇಡಿ.

ಬರೆಯಲು ಕುಳಿತಾಗ ಪೂರ್ತಿ ಜಾತಕದಿಂದ ಆರಂಭಿಸಬೇಡಿ. ಹಡಗಿನ ಕಚೇರಿಯ ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸುತ್ತ ‘ಆಯಾ ಆಗಲೇ ಹಡಗು ಹತ್ತಿದ್ದಾಳೆ’ ಎನ್ನುವ ದೃಶ್ಯವನ್ನು ಎರಡೇ ಪುಟ ಬರೆದು ಗುಂಪಿನಲ್ಲಿ ಹಾಕಿ. ಹಳೆಯ ಪ್ರಯಾಣಮಾರ್ಗಗಳ ಬಗ್ಗೆ ನಾನು ಮಾಡಿಟ್ಟುಕೊಂಡ ಟಿಪ್ಪಣಿಗಳಿವೆ, ಅಷ್ಟರಲ್ಲಿ ಹುಡುಕಿಟ್ಟಿರುತ್ತೇನೆ.